ಬಾಗಳಿಗೆ ಹೋದ ಡಬರಿ

ಫ್ಯಾನು ಯಾರ ತಲೆಯ ಮೇಲಾದರೂ ಬಿದ್ದೀತು ಎಂಬ ಚಿಂತೆಯಿಂದ, ಅದರ ಬೋಲ್ಟು ಬಿಗಿಯಾಗಿದೆಯೋ ಇಲ್ಲವೋ ನೋಡಲು ನಾನು ಸ್ಟೂಲು ಹತ್ತಿದೆ. ಫ್ಯಾನು ಬೀಳಲಿಲ್ಲ. ಇವತ್ತಿಗೂ ಅದು ಕೊಟ್ಟೂರಿನ ನಮ್ಮ ಪಡಸಾಲೆಯಲ್ಲಿ ಅದೇ ಕೊಂಡಿಗೆ ಜೋತುಬಿದ್ದು ತಿರುಗುತ್ತಿದೆ. ಬಿದ್ದವನು ನಾನು.

ಐವತ್ತೆರಡು ವರ್ಷ ನಾನು ಬೀಳದಂತೆ ಬದುಕಿದ್ದೆ. ಬೈಕನ್ನು ನಲವತ್ತರ ಮೇಲೆ ಓಡಿಸಿದವನಲ್ಲ. ಓಣಿಯ ತುದಿಯ ಕಿರಾಣಿ ಅಂಗಡಿಗೆ ಹೋಗುವಾಗಲೂ ಹೆಲ್ಮೆಟ್ಟು. ಗ್ಯಾಸು ಬಂದ್ ಮಾಡಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸ್ಸು ಬಂದು ನೋಡುವವನು. ನೋಡಿ ಹೋದ ಮೇಲೆ, ನೋಡುವಾಗ ಕೈ ತಾಗಿ ತೆರೆದುಕೊಂಡಿತೇನೋ ಎಂದು ಮತ್ತೆ ಬರುವವನು. ನಮ್ಮ ಮನೆತನದಲ್ಲಿ ಅಕ್ಷರ ಕಲಿತ ಮೊದಲ ತಲೆ ನನ್ನದು. ಮನೆಯಲ್ಲಿ ಅಷ್ಟು ತಲೆಗಳಿದ್ದರೂ ನೆಲಕ್ಕೆ ಬಡಿದುಕೊಳ್ಳಲು ಆ ತಲೆಯೇ ಆಗಬೇಕಿತ್ತು.

ಎಚ್ಚರವಾದದ್ದು ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ. ನಾಲ್ಕನೆಯ ದಿನ ಎದ್ದು ಕೂತು ಪೇಪರ್ ಕೇಳಿದೆ. ಹೆಂಡತಿ ಕೆಳಗಿಳಿದು ಹೋಗಿ ತಂದುಕೊಟ್ಟಳು. ಬಿಡಿಸಿ ನೋಡಿದರೆ ತೆಲುಗು.

“ಕನ್ನಡ ಪೇಪರ್ ಸಿಗಲಿಲ್ಲೇನು?”

“ಇದು ಕನ್ನಡಾನ ಐತಲ್ರಿ.”

“ತೆಲುಗು ಇದು. ನನಗ ಅಷ್ಟೂ ತಿಳಿಯಂಗಿಲ್ಲೇನು?”

ಅವಳು ಪೇಪರನ್ನೂ ನನ್ನ ಮುಖವನ್ನೂ ಒಂದಾದ ಮೇಲೊಂದು ನೋಡಿದಳು. ಬಳ್ಳಾರಿ ಸೀಮೆಯವರಿಗೆ ತೆಲುಗು ಬೋರ್ಡು ಹೊಸದಲ್ಲ. ಅಕ್ಷರಗಳ ಮೈಕಟ್ಟು ನಮ್ಮವರದೇ, ದೂರದ ನೆಂಟರ ಮುಖ ಕಂಡ ಹಾಗೆ. ಹೆಸರು ಮಾತ್ರ ನಾಲಿಗೆಗೆ ಬರುವುದಿಲ್ಲ. ಅವತ್ತು ಇಡೀ ಕನ್ನಡ ನನಗೆ ಹಾಗೆ ಕಂಡಿತು. ಅಂಕಿಗಳು ಹೇಗೋ ಉಳಿದಿದ್ದವು. ಪೇಪರಿನ ದರ ಓದಿದೆ, ಪುಟದ ಸಂಖ್ಯೆ ಓದಿದೆ. ನಡುವೆ ಇದ್ದದ್ದೆಲ್ಲ ಕುರಿ ಹಿಂಡು. ಹಿಂಡು ಎಂದು ಗೊತ್ತಾಗುತ್ತಿತ್ತು, ಯಾವ ಕುರಿ ಯಾವುದು ಎಂದು ಗೊತ್ತಾಗುತ್ತಿರಲಿಲ್ಲ. ಪೆನ್ನು ಕೊಟ್ಟರು. ನನ್ನ ಹೆಸರು ಬರೆಯಲು ಹೋದ ಕೈ ಸೊನ್ನೆ ಸುತ್ತಿ ಸುಮ್ಮನಾಯಿತು.

ಡಾಕ್ಟರು ತಾಳ್ಮೆಯ ಮನುಷ್ಯ. ಕಣ್ಣಿಗೆ ಏನೂ ಆಗಿಲ್ಲ, ಮಾತಿಗೂ ಆಗಿಲ್ಲ, ಕಂಡ ಅಕ್ಷರವನ್ನು ಗುರುತು ಹಿಡಿಯುವ ಜಾಗಕ್ಕೆ ಪೆಟ್ಟಾಗಿದೆ ಎಂದರು. ಓದು ಬರಬಹುದು, ಬರದೆಯೂ ಇರಬಹುದು ಎಂದರು. ಬರಬಹುದು ಎಂಬುದನ್ನು ಹೆಂಡತಿ ಕೇಳಿಸಿಕೊಂಡಳು. ಬರದೆಯೂ ಇರಬಹುದು ಎಂಬುದನ್ನು ನಾನು.

ನನ್ನ ಕೆಲಸ ಏನೆಂದು ಹೇಳಿದರೆ ನನ್ನ ಗಾಬರಿ ಅರ್ಥವಾದೀತು. ನಾನು ಕೊಟ್ಟೂರು ಬಸ್ ನಿಲ್ದಾಣದ ಕಂಟ್ರೋಲರ್. ಬಂದ ಬಸ್ಸಿನ ಬೋರ್ಡು ಓದುವುದು, ವೇಳೆ ಬರೆಯುವುದು, ಮೈಕು ಹಿಡಿದು “ಕೂಡ್ಲಿಗಿ ಕಡೆಗೆ ಹೋಗುವವರು ಎರಡನೆಯ ಅಂಕಣಕ್ಕೆ ಬರಬೇಕು, ಹಗರಿಬೊಮ್ಮನಹಳ್ಳಿ ಬಸ್ಸು ಹೊರಡಲು ಸಿದ್ಧವಾಗಿದೆ” ಎನ್ನುವುದು. ಹದಿನೆಂಟು ವರ್ಷ ಇಂಥ ಐದಾರು ಊರುಗಳ ಹೆಸರನ್ನು ದಿನಕ್ಕೆ ನೂರು ಸಲ ಕೂಗಿದ್ದೇನೆ. ಮನೆಯಲ್ಲಿ ನನ್ನ ಮಾತು ಯಾರೂ ಕೇಳುವುದಿಲ್ಲ. ಅಲ್ಲಿ ನಾನು ಬಾಯಿ ತೆರೆದರೆ ಇನ್ನೂರು ಜನ ಗಂಟುಮೂಟೆ ಎತ್ತಿಕೊಂಡು ಓಡುತ್ತಾರೆ. ಆ ಕುರ್ಚಿ ಬಿಡುವುದೆಂದರೆ ಹೇಗೆ? ಡಿಪೋದ ಮ್ಯಾನೇಜರು, ಹಡಗಲಿ ಕಡೆಯ ಹೆಣ್ಣುಮಗಳು, ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು, ಫೋನಿನಲ್ಲಿ ಒಳ್ಳೆಯ ಮಾತಿನಿಂದಲೇ ಹೇಳಿದ್ದರು: “ರಜಾ ಮುಗಿಯೂತನ ಆರಾಮ ಮಾಡ್ಕೋರಿ. ಆಮ್ಯಾಲೆ ಓದಾಕ ಬಂದ್ರ ನಿಮ್ಮ ಕುರ್ಚಿ ನಿಮಗ. ಬರಲಿಲ್ಲಂದ್ರ ಡಿಪೋದಾಗ ಬ್ಯಾರೆ ಏನರ ಕೆಲಸ ನೋಡೋಣಂತ.”

ಮೂರನೆಯ ತಿಂಗಳು ಬರವಣಿಗೆ ಬಂತು. ಅದೂ ಎಂಥ ಬರವಣಿಗೆ. ಬರೆಯುತ್ತಿದ್ದೆ, ಬರೆದದ್ದನ್ನು ಓದಲು ಬರುತ್ತಿರಲಿಲ್ಲ. ಹೆಂಡತಿ ಹೇಳಿದ ಸಂತೆ ಸಾಮಾನಿನ ಪಟ್ಟಿಯನ್ನು ನೀಟಾಗಿ ಬರೆದು, ಅದನ್ನು ಕೈಯಲ್ಲಿ ಹಿಡಿದು, ಸಂತೆಯ ನಡುವೆ ನಿಂತು, ಇದನ್ನು ಯಾವ ಪುಣ್ಯಾತ್ಮ ಬರೆದನೋ ಎಂದು ನೋಡುತ್ತಿದ್ದೆ.

ಓದು ಬಾರದವನು ಎನ್ನಿಸಿಕೊಳ್ಳಬಾರದೆಂದು ನಾಟಕ ಶುರು ಮಾಡಿದೆ. ಪೇಪರಿನ ಫೋಟೋ ನೋಡಿ ಸುದ್ದಿ ಹೇಳುವುದು. ಮಾತ್ರೆಯ ಬಣ್ಣ ನೋಡಿ ಹೆಸರು ಹೇಳುವುದು. ಓಣಿಯ ಗ್ರೂಪಿನಲ್ಲಿ ಯಾರೋ ಹೂಹಾರ ಹಾಕಿದ ಫೋಟೋ ಕಳಿಸಿದರು; ಸನ್ಮಾನವಿರಬೇಕೆಂದು ಚಪ್ಪಾಳೆ ಒತ್ತಿದೆ. ಆ ಮನೆಯಲ್ಲಿ ತೀರಿಕೊಂಡವರ ಮಣ್ಣಿಗೆ ಹೋಗಿ ಬಂದ ಮೇಲೆ ಹೆಂಡತಿ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ಒಂದು ದಿನ ಮಾತ್ರೆಯ ಎರಡು ಚೀಟಿಗಳನ್ನು ಬೇಕೆಂದೇ ಅದಲು ಬದಲು ಮಾಡಿ ನನ್ನ ಮುಂದೆ ಹಿಡಿದು ಓದಿ ಎಂದಳು. ನಾನು ಗತ್ತಿನಿಂದ ಎರಡನ್ನೂ ತಪ್ಪಾಗಿ ಓದಿದೆ. ಅವಳು ಚೀಟಿಗಳನ್ನು ಡಬ್ಬಿಗೆ ಹಾಕಿ ಹೇಳಿದಳು, “ಇನ್ನ ಮ್ಯಾಲೆ ನೀವು ಓದೀನಿ ಅಂದ್ರ ನಾ ನಂಬಾಕಿ ಅಲ್ಲ.” ಮಗಳು ನನ್ನ ಫೋನಿಗೆ ಓದಿ ಹೇಳುವ ವ್ಯವಸ್ಥೆ ಹಾಕಿಕೊಟ್ಟಳು. ಅದರೊಳಗಿನ ಹೆಂಗಸು ಹಗರಿಬೊಮ್ಮನಹಳ್ಳಿ ಎನ್ನುವುದು ಬರಿಗಾಲಲ್ಲಿ ಜಲ್ಲಿಕಲ್ಲಿನ ಮೇಲೆ ನಡೆದ ಹಾಗಿರುತ್ತಿತ್ತು. ನನ್ನ ಕುರ್ಚಿಗೆ ಇವಳು ಬಂದು ಕೂರುತ್ತಾಳೆ ಎಂಬುದು ಹೊಸ ಚಿಂತೆಯಾಯಿತು.

ಹೀಗೆ ಎಂಟು ತಿಂಗಳು ಹೋದವು. ರಜೆ ಮುಗಿಯಲು ಹದಿಮೂರು ದಿನ ಉಳಿದಿದ್ದಾಗ ಮೊಮ್ಮಗಳ ತೊಟ್ಟಿಲ ಕಾರ್ಯ ಬಂತು. ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಕಾರ್ಯವಾದರೂ ಪಾತ್ರೆ ಬಾಡಿಗೆಗೆ ತರುವುದಿಲ್ಲ. ಎಲ್ಲರ ಅಟ್ಟದಿಂದಲೂ ಒಂದೊಂದು ಇಳಿದು ಬರುತ್ತದೆ. ಎದುರುಮನೆಯ ಅಕ್ಕನ ಮನೆಯಿಂದ ಸಾರು ಮಾಡುವ ದೊಡ್ಡ ಡಬರಿ ಬಂತು, ಉಳಿದ ಮನೆಗಳಿಂದ ಎರಡು ಬಕೆಟ್ಟು, ಒಂದು ಪರಾತ, ಒಂದು ಕೊಳಗ. ಊಟ ಚೆನ್ನಾಗಿ ಆಯಿತು. ಮರುದಿನ ಬೆಳಿಗ್ಗೆ ಹೆಂಡತಿಯೂ ನನ್ನ ಅವ್ವನೂ ಮಗಳನ್ನೂ ಕೂಸನ್ನೂ ಹಡಗಲಿಗೆ, ಮಗಳ ಗಂಡನ ಮನೆಗೆ, ಬಿಟ್ಟು ಬರಲು ಹೊರಟರು. ಹೊರಡುವಾಗ ಅವ್ವ ಬಾಗಿಲಲ್ಲಿ ತಿರುಗಿ ನಿಂತಳು.

“ಲೇ ತಮ್ಮಾ, ಪಾತ್ರಿ ಒರಸಿ ಇಡು. ಯಾವುದೂ ಯಾರಿಗೂ ಕೊಡಾಕ ಹೋಗಬ್ಯಾಡ. ಸಂಜಿಗಿ ಬಂದು ನಾ ಮುಟ್ಟಿಸ್ತೀನಿ.”

ನಾನು ಅಂಗಳದಲ್ಲಿ ಕೂತು ಒರೆಸತೊಡಗಿದೆ. ಸ್ಟೀಲಿನ ಪಾತ್ರೆಗೆ ಅಂಗಡಿಯವರು ಪುಟ್ಟ ಯಂತ್ರ ಹಿಡಿದು ಗರ್ ಗರ್ ಎಂದು ಹೆಸರು ಕೊರೆದು ಕೊಡುತ್ತಾರಲ್ಲ, ಡಬರಿಯ ಕಂಠದ ಮೇಲೆ ಅಂಥದೊಂದು ಸಾಲಿತ್ತು. ನನ್ನ ಕಣ್ಣಿಗೆ ಅದೂ ತೆಲುಗೇ. ಬಟ್ಟೆ ಜಾರಿತು. ಬರಿ ಹೆಬ್ಬೆರಳು ಆ ತರಿತರಿ ಚುಕ್ಕಿಗಳ ಮೇಲೆ ಹೋಯಿತು. ಸುಮ್ಮನೆ, ಬೇರೆ ಕೆಲಸವಿಲ್ಲದ ಬೆರಳು ಹೋದ ಹಾಗೆ. ಸುತ್ತಿತು, ಹೊರಳಿತು, ಮೇಲಕ್ಕೆ ಹೋಗಿ ಇಳಿಯಿತು. ಆಗ ಒಳಗೆ ಯಾರೋ ಹೇಳಿದರು: ಬಾ.

ನಾನು ಕೈ ತೆಗೆದೆ. ಅಂಗಳದಲ್ಲಿ ಯಾರೂ ಇರಲಿಲ್ಲ. ಮತ್ತೆ ಇಟ್ಟೆ. ಬಾ. ಮುಂದಕ್ಕೆ ಸರಿಸಿದೆ. ಗ. ಇನ್ನೂ ಮುಂದಕ್ಕೆ. ಳಿ.

ಬಾಗಳಿ. ಹರಪನಹಳ್ಳಿ ಹತ್ತಿರದ ಬಾಗಳಿ. ಹಳೆಯ ಕಲ್ಲೇಶ್ವರ ಗುಡಿಯ ಬಾಗಳಿ. ಎಂಟು ತಿಂಗಳಲ್ಲಿ ನನ್ನೊಳಗೆ ಬಂದ ಮೊದಲ ಊರು. ನನ್ನ ಎದೆ ಹೊಡೆದುಕೊಂಡ ರೀತಿಗೆ, ಇದೇ ಖುಷಿಯಲ್ಲಿ ಹೃದಯ ನಿಂತರೆ ಓದು ಬಂದ ಸಂಗತಿ ಯಾರಿಗೂ ಗೊತ್ತಾಗದೆ ಹೋದೀತಲ್ಲ ಎಂದು ಹೆದರಿ, ಒಂದು ಚರಿಗೆ ನೀರು ಕುಡಿದೆ. ಕೂತೆ. ಊರಿನ ಹೆಸರಿಗೆ ಮುಂಚೆ ಎರಡು ಇನಿಷಿಯಲ್ಲು, ಒಂದು ಮನೆತನದ ಹೆಸರು. ಅವನ್ನೂ ಓದಿದೆ. ಪರಾತ ಎಳೆದುಕೊಂಡೆ: ಯಾರದೋ ಹೆಸರು, ಅರಸೀಕೆರೆ; ಹಾಸನದ್ದಲ್ಲ, ನಮ್ಮ ಹರಪನಹಳ್ಳಿ ಕಡೆಯದು. ಬಕೆಟ್ಟು: ಹೊಸಹಳ್ಳಿ. ಎರಡನೆಯ ಬಕೆಟ್ಟನ್ನು ಕಣ್ಣು ಮುಚ್ಚಿಕೊಂಡು ಓದಿದೆ. ಅದೂ ಹೊಸಹಳ್ಳಿ. ಕಣ್ಣು ತೆರೆದರೆ ಹೋಗುತ್ತದೆಂದು ಸ್ವಲ್ಪ ಹೊತ್ತು ತೆರೆಯಲೇ ಇಲ್ಲ.

ಈಗ ನಾನು ಮಾಡಿದ ಕೆಲಸ ಹೇಳುತ್ತೇನೆ. ಓದಿದವನು ಸುಮ್ಮನೆ ಕೂರಬಾರದು, ಓದಿದ್ದರಿಂದ ಏನಾದರೂ ಕೆಲಸವಾಗಬೇಕು ಎನ್ನಿಸಿತು. ಪಾತ್ರೆಗಳ ಮೇಲೆ ಊರು ಹೆಸರು ಸ್ಪಷ್ಟವಾಗಿದೆ. ಹೆಂಗಸರು ಬರುವಷ್ಟರಲ್ಲಿ ಅವು ಅವರವರ ಮನೆ ಸೇರಿದ್ದರೆ? ಕೊಳಗದ ಮೇಲೆ ಮಾತ್ರ ಬರಹವಿರಲಿಲ್ಲ, ಅದನ್ನು ಬಿಟ್ಟೆ. ಉಳಿದ ನಾಲ್ಕನ್ನೂ ಆಟೋದಲ್ಲಿ ಹಾಕಿಕೊಂಡು ನಿಲ್ದಾಣಕ್ಕೆ ಹೋದೆ. ನಾನು ಅಲ್ಲಿಯ ಹಳೆಯ ಗಿರಾಕಿ; ನಾನು ಕೊಟ್ಟದ್ದನ್ನು ಬೇಡ ಎನ್ನುವ ಕಂಡಕ್ಟರ್ ಇಲ್ಲ. ಹರಪನಹಳ್ಳಿ ಬಸ್ಸಿನ ಕಂಡಕ್ಟರ್ ಡಬರಿಯನ್ನು ಹಿಂದಿನ ಸೀಟಿನ ಮೇಲೆ ಕೂರಿಸಿ ಕೇಳಿದ, “ಯಾರಿಗ್ರಿ ಇದು ಕಂಟ್ರೋಲರ್ ಸಾಹೇಬ್ರ?”

ನಾನು ಕಂಠವನ್ನು ಸವರಿ ಇನಿಷಿಯಲ್ಲು, ಮನೆತನ, ಊರು ಹೇಳಿದೆ. ಅವನು ಬಗ್ಗಿ ನೋಡಿದ. “ಹೌದು ಬಿಡ್ರಿ. ಆ ಯಜಮಾನ್ರು ಗೊತ್ತದಾರ. ಬಾಗಳಿ ಬಸ್ಸಿನವನ ಕೈಯಾಗ ಕೊಟ್ಟು ಮುಟ್ಟಿಸ್ತೀನಿ.”

ಆ ‘ಹೌದು ಬಿಡ್ರಿ’ಯನ್ನು ನಾನು ಮನೆಯ ತನಕ ಬಾಯಲ್ಲಿ ಪೆಪ್ಪರಮೆಂಟಿನ ಹಾಗೆ ಚೀಪಿಕೊಂಡು ಬಂದೆ.

ಸಂಜೆ ಹೆಂಡತಿ, ಅವ್ವ ಬರುವುದಕ್ಕೂ ಎದುರುಮನೆಯ ಅಕ್ಕ ಕೈಯಲ್ಲಿ ಫೋನು ಹಿಡಿದು ನಮ್ಮ ಮನೆಗೆ ನುಗ್ಗುವುದಕ್ಕೂ ಸರಿಹೋಯಿತು. ಫೋನಿನಲ್ಲಿ ಅವಳ ಸೋದರಮಾವ, ಬಾಗಳಿಯಿಂದ. ಸ್ಪೀಕರ್ ಹಾಕಿದ್ದಳು.

“ಅಲ್ಲವಾ, ನಿನ್ನ ಲಗ್ನದಾಗ ಮುಯ್ಯಿ ಮಾಡಿದ್ದ ಡಬರಿ. ಇಪ್ಪತ್ತೆರಡು ವರ್ಷ ಆದ ಮ್ಯಾಲೆ ಬಸ್ಸಿಗಿ ಹಾಕಿ ವಾಪಸ್ ಕಳಿಸೀ ಅಂದ್ರ ಏನು ತಿಳಕಾಬೇಕು ನಾವು? ನಮ್ಮಿಂದ ಏನು ತಪ್ಪಾತು ಹೇಳು.”

“ಮಾವಾ, ನಾ ಕಳಿಸಿಲ್ಲೋ ಯಪ್ಪಾ. ಎದುರುಮನಿ ಅಣ್ಣ ಕಳಿಸ್ಯಾನ.”

“ಅವಗ ನಮ್ಮ ಮ್ಯಾಲೆ ಏನು ಸಿಟ್ಟು?”

ಆಗ ನನಗೆ ಹೊಳೆಯಿತು. ನಮ್ಮ ಕಡೆ ಪಾತ್ರೆಯ ಮೇಲೆ ಕೊರೆಸುವುದು ಕೊಟ್ಟವರ ಹೆಸರು, ಇಟ್ಟುಕೊಂಡವರದಲ್ಲ. ಇದು ಓಣಿಯಲ್ಲಿ ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು. ನನ್ನ ಲಗ್ನದ ತಾಟುಗಳ ಮೇಲೂ ಹತ್ತೂರಿನ ನೆಂಟರ ಹೆಸರಿದೆ. ಅಕ್ಷರ ಸಿಕ್ಕ ಭರದಲ್ಲಿ ಬುದ್ಧಿಯನ್ನು ಅಂಗಳದಲ್ಲಿ ಬಿಟ್ಟು ಹೋಗಿದ್ದೆ. ಮದುವೆಯಲ್ಲಿ ಕೊಟ್ಟ ಮುಯ್ಯಿಯನ್ನು ಮನೆಬಾಗಿಲಿಗೆ ವಾಪಸ್ ಕಳಿಸಿದರೆ ನಮ್ಮ ನಿಮ್ಮ ನೆಂಟಸ್ತಿಕೆ ಮುಗಿಯಿತು ಎಂದು ಹೇಳಿದ ಹಾಗೆ. ಒಂದೇ ಬೆಳಗಿನಲ್ಲಿ ನಾನು ಓಣಿಯ ಮೂರು ಮನೆಗಳ ನೆಂಟಸ್ತಿಕೆ ಮುಗಿಸಿದ್ದೆ. ಅರಸೀಕೆರೆಯಿಂದಲೂ ಫೋನು ಬಂತು. ಹೊಸಹಳ್ಳಿಯ ಅತ್ತೆಯೊಬ್ಬಳು ಫೋನು ಗೀನು ಎನ್ನದೆ, ಎರಡು ಬಕೆಟ್ಟುಗಳನ್ನು ಎರಡು ಕೈಯಲ್ಲಿ ಹಿಡಿದು ಮರುದಿನ ಮೊದಲ ಬಸ್ಸಿಗೇ ಜಗಳಕ್ಕೆ ಬಂದಳು.

ಅವ್ವ ನೆಲದ ಮೇಲೆ ಕೂತು ಉಳಿದ ಕೊಳಗವನ್ನು ಬೋರಲು ಹಾಕಿದಳು. ತಳದಲ್ಲಿ ಒಂದು ಹಸಿರು ಪೇಂಟಿನ ಬೊಟ್ಟು.

“ತಳ ನೋಡಬೇಕಿಲ್ಲೋ ತಮ್ಮಾ. ಹಸರು ಮೂಲಿಮನಿದು. ನೀಲಿ ಎದುರುಮನಿದು. ಕೆಂಪು ನಮ್ಮದು. ಹುಟ್ಟಿದಾಗಿಂದ ನೋಡೀ ಅಲ, ಈ ಓಣ್ಯಾಗ ಯಾರು ಕಂಠ ನೋಡಿ ಪಾತ್ರಿ ಕೊಟ್ಟಾರ?”

“ಕಂಠದ ಮ್ಯಾಲೆ ಬರದಿತ್ತವ್ವಾ. ಓದಿದೆ.”

ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಅಂದಳು, “ಓದ್ಯಾರಂತ. ಆ ಕಂಡಕ್ಟರ್ ಓದಿ ಹೇಳಿರ್ತಾನ.”

ಅವ್ವ ಮಾತ್ರ ಕೊಳಗದ ಮೇಲೆ ಇಟ್ಟ ಕೈಯನ್ನು ಹಾಗೇ ಇಟ್ಟುಕೊಂಡು ನನ್ನನ್ನು ನೋಡಿದಳು. ಅವಳಿಗೆ ಒಂದಕ್ಷರ ಬರುವುದಿಲ್ಲ. ಆದರೆ ಯಾವ ತಪ್ಪು ಯಾರಿಂದ ಆಗುತ್ತದೆ ಎಂಬುದು ಅವಳಿಗೆ ಗೊತ್ತು. “ಓದಲಾರದವ ಇಂಥಾ ತಪ್ಪು ಮಾಡಂಗಿಲ್ಲ,” ಎಂದಳು ನಿಧಾನವಾಗಿ. “ಓದಾಕ ಬರಲಿಲ್ಲಂದಿದ್ರ ತಳ ನೋಡ್ತಿದ್ದ. ಇವ ಓದ್ಯಾನ.”

ಎದುರುಮನೆಯ ಅಕ್ಕ ಅಳಬೇಕೋ ನಗಬೇಕೋ ತಿಳಿಯದೆ, “ಓದಿದ್ದು ಚಲೋ ಆತು ಬಿಡಣ್ಣ. ನನ್ನ ಡಬರಿ?” ಎಂದಳು.

ಮುಂದಿನ ಹನ್ನೆರಡು ದಿನ ನಾನು ನೆಲದ ಮೇಲಿರಲಿಲ್ಲ. ಉಬ್ಬು ತಗ್ಗಿಲ್ಲದ ಕಾಗದದ ಮೇಲೂ ಬೆರಳು ಓದೀತೇ? ಪೇಪರಿನ ದಪ್ಪ ಶೀರ್ಷಿಕೆಯ ಮೇಲೆ ತೋರುಬೆರಳಿಟ್ಟು ಅಕ್ಷರವನ್ನು ತಿದ್ದಿದೆ, ಒಂದನೆಯ ತರಗತಿಯಲ್ಲಿ ಮರಳಿನ ಮೇಲೆ ತಿದ್ದುತ್ತಿದ್ದ ಹಾಗೆ. ಬಂತು. ನಿಧಾನಕ್ಕೆ, ಆದರೆ ಬಂತು. ಆಮೇಲೆ ದೂರದ ಬೋರ್ಡನ್ನು ಕಣ್ಣಿನಿಂದ ನೋಡುತ್ತ ಅದರ ಆಕಾರವನ್ನು ತೊಡೆಯ ಮೇಲೆ ಬರೆದೆ. ಬಂತು. ತೊಡೆ ಓದಿ ತಲೆಗೆ ಹೇಳುತ್ತಿತ್ತು. ಓಣಿಯ ಗೋಡೆ, ಗೂಡಂಗಡಿಯ ಹಲಗೆ, ಗೊಬ್ಬರದ ಚೀಲ, ಎಲ್ಲವನ್ನೂ ಓದಿದೆ. ಬೀಡಿ ಅಂಗಡಿಯ ಮುಂದೆ ನಿಂತು ಗಾಳಿಯಲ್ಲಿ ಬೆರಳಾಡಿಸುತ್ತಿದ್ದವನನ್ನು ನೋಡಿ ಇಬ್ಬರು ರಸ್ತೆ ದಾಟಿ ಹೋದರು. ಹೆಂಡತಿಗೆ ಮಾತ್ರ ಪೂರ್ತಿ ನಂಬಿಕೆ ಬರಲಿಲ್ಲ. ನಾನು ಅವಳಿಗೆ ಕೊಟ್ಟ ಮೋಸದ ಓದುಗಳು ಒಂದೆರಡಲ್ಲವಲ್ಲ. ನನಗೂ ಒಂದು ಭಯವಿತ್ತು. ಇಷ್ಟು ನಿಧಾನಕ್ಕೆ ಓದಿದರೆ ಹಗರಿಬೊಮ್ಮನಹಳ್ಳಿ ಎಂಬ ಹೆಸರು ಮುಗಿಯುವಷ್ಟರಲ್ಲಿ ಬಸ್ಸು ಅಲ್ಲಿಗೆ ತಲುಪಿಬಿಟ್ಟಿರುತ್ತದೆ.

ರಜೆ ಮುಗಿದ ದಿನ ಮ್ಯಾನೇಜರು ನಿಲ್ದಾಣಕ್ಕೇ ಬಂದರು. ಹೆಂಡತಿಯೂ ಜೊತೆಗೆ ಬಂದಿದ್ದಳು, ನನಗೆ ಧೈರ್ಯ ಹೇಳಲು ಎಂದು. ನಿಜವಾಗಿ, ನಾನು ಸುಳ್ಳು ಹೇಳದಂತೆ ನೋಡಿಕೊಳ್ಳಲು. ಕಿಟಕಿಯಾಚೆ ನಿಂತ ಬಸ್ಸಿನ ಕಡೆ ಮೇಡಂ ಕೈ ತೋರಿದರು. ನಾನು ತೊಡೆಯ ಮೇಲೆ ಬರೆದು “ಕೂಡ್ಲಿಗಿ” ಎಂದೆ. ಇನ್ನೊಂದು. “ಹರಪನಹಳ್ಳಿ.”

ಅವರು ತಲೆ ಅಲ್ಲಾಡಿಸಿದರು. “ಬ್ಯಾಸರ ಮಾಡ್ಕಾಬ್ಯಾಡ್ರಿ. ಹದಿನೆಂಟು ವರ್ಷ ಕೂತೀರಿ ಇಲ್ಲಿ. ಎಂಜಿನ್ ಸಪ್ಪಳ ಕೇಳಿದ್ರ ಯಾವ ಬಸ್ಸಂತ ನಿಮಗ ಗೊತ್ತಾಗ್ತೈತಿ. ಇದು ಓದಿದಂಗ ಹೆಂಗಾತು?”

ಖರೆ ಮಾತು. ಅವರು ಓದಿಸಲು ಬೇರೆ ಏನಾದರೂ ಇದೆಯೇ ಎಂದು ಮೇಜಿನ ಮೇಲೆ ಹುಡುಕುತ್ತಿದ್ದರು. ಆಗ ಬಾಗಿಲಲ್ಲಿ ಹರಪನಹಳ್ಳಿ ಬಸ್ಸಿನ ಕಂಡಕ್ಟರ್ ಕಾಣಿಸಿಕೊಂಡ. ಅವನ ತೋಳಿನಲ್ಲಿ ಎದುರುಮನೆಯ ಡಬರಿ.

“ಬಾಗಳಿ ಯಜಮಾನ್ರು ವಾಪಸ್ ಕೊಟ್ಟಾರ್ರಿ ಸಾಹೇಬ್ರ. ಏನೋ ಬರಸ್ಯಾರ, ನಿಮ್ಮ ಕೈಯಾಗ ಕೊಡು ಅಂದಾರ.” ಮೇಡಮ್ಮನ್ನು ಕಂಡದ್ದೇ ಡಬರಿಯನ್ನು ಮೇಜಿನ ಮೇಲಿಟ್ಟು ಮಾಯವಾದ.

ಮೇಡಂ ಡಬರಿಯನ್ನು ತಮ್ಮ ಕಡೆ ತಿರುಗಿಸಿಕೊಂಡು ಓದಿದರು. ಅವರ ತುಟಿ ಒಂದು ಕಡೆ ಎಳೆದುಕೊಂಡಿತು. ಬಂದಿದ್ದ ನಗುವನ್ನು ಒಳಕ್ಕೆ ಎಳೆದುಕೊಂಡು, ಡಬರಿಯನ್ನು ನನ್ನ ಕಡೆ ತಳ್ಳಿದರು. “ಇದನ್ನ ಓದ್ರಿ.”

ಹಳೆಯ ಹೆಸರಿನ ಕೆಳಗೆ ಹೊಸದೊಂದು ಸಾಲು. ಹೊಸ ಚುಕ್ಕಿಗಳು ತೊಳೆದು ಸವೆದಿರಲಿಲ್ಲ, ಬೆರಳಿಗೆ ಚುಚ್ಚುತ್ತಿದ್ದವು. ಕಣ್ಣು ಮುಚ್ಚಿದೆ. ಮ. ಅದರ ಪಕ್ಕ ಕೆಳಗೊಂದು ಬಾಲ, ಮೇಲೊಂದು ಕೊಕ್ಕೆ. ಎರಡು ಸಲ ಹೋದೆ, ಮೂರು ಸಲ ಹೋದೆ. ತ್ತೆ. ಮತ್ತೆ. ಹೊರಗೆ ಯಾವುದೋ ಬಸ್ಸು ಹಾರನ್ನು ಹೊಡೆಯುತ್ತಲೇ ಇತ್ತು. ಕ, ಳಿ, ಸಿ. ಕಳಿಸಿ… ಇಲ್ಲ, ಇನ್ನೂ ಇದೆ. ದ್ರೆ. ನನ್ನ ಹೆಂಡತಿ ಆ ಕಡೆಯಿಂದ ಬಗ್ಗಿ ನೋಡಿ, ಮುಂದಿನದನ್ನು ನನಗಿಂತ ಮೊದಲೇ ಓದಿ, ಬಾಯಿಗೆ ಸೆರಗು ಹಿಡಿದಳೆಂದು ಉಸಿರಿನಲ್ಲೇ ಗೊತ್ತಾಯಿತು. ಹೇಳಿಕೊಡಲಿಲ್ಲ. ಮೂವತ್ತು ವರ್ಷದಲ್ಲಿ ಅವಳು ನನ್ನ ಮಾತಿನ ನಡುವೆ ಬಾಯಿ ಹಾಕದಿದ್ದದ್ದು ಅದೊಂದೇ ಸಲ.

“ಮತ್ತೆ ಕಳಿಸಿದ್ರೆ,” ಎಂದೆ. “ನಾನೇ… ಬರ್ತೀನಿ.”

ಮತ್ತೆ ಕಳಿಸಿದ್ರೆ ನಾನೇ ಬರ್ತೀನಿ. ಬಾಗಳಿಯ ಯಜಮಾನರು ಹರಪನಹಳ್ಳಿಯ ಪಾತ್ರೆ ಅಂಗಡಿಗೆ ಹೋಗಿ, ನಿಂತು, ಕೊರೆಸಿದ ಮಾತು. ಇದನ್ನು ನನಗೆ ಮೊದಲೇ ಹೇಳಿಕೊಡಲು ಯಾರಿಂದಲೂ ಆಗುತ್ತಿರಲಿಲ್ಲ. ಕಣ್ಣು ತೆರೆದಾಗ ಮೇಡಂ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುತ್ತಿದ್ದರು. ನಕ್ಕು ನೀರು ಬಂದಿತ್ತು. ಹೆಂಡತಿಯ ಕಣ್ಣಿನಲ್ಲೂ ನೀರಿತ್ತು, ಅದು ಬೇರೆ.

“ನಂಬಿದೇನು?” ಎಂದೆ ಅವಳಿಗೆ.

“ಡಬರಿ ಓದಿದ್ದು ನಂಬಿದೆ,” ಎಂದಳು. “ಮಾತ್ರಿ ಚೀಟಿ ಮನಿಗಿ ಹೋಗಿ ನೋಡೋಣು.”

ಮೇಡಂ ಹಾಜರಿ ಪುಸ್ತಕವನ್ನು ನನ್ನ ಮುಂದೆ ತೆರೆದಿಟ್ಟರು. ಬೆಳಿಗ್ಗೆಯ ಪಾಳಿ ಒಂದು ತಿಂಗಳು ಮಾಡಿ, ಬಸ್ಸು ಕಡಿಮೆ ಇರುತ್ತವೆ, ವೇಗ ಬಂದರೆ ಪೂರ್ತಿ ಕೊಡುತ್ತೇನೆ ಎಂದರು. ನಾನು ಸಹಿ ಹಾಕಿದೆ. ಹಾಕಿದ ಸಹಿಯ ಮೇಲೆ ಬೆರಳಾಡಿಸಿ ನೋಡಿದೆ. ನನ್ನದೇ ಹೆಸರು. ತಪ್ಪಿಲ್ಲ.

“ನಾಳಿಂದ ಬರ್ರಿ,” ಎಂದು ಅವರು ಏಳುತ್ತ ಡಬರಿಯನ್ನು ತೋರಿಸಿದರು. “ಇದನ್ನ ಮಾತ್ರ ನೀವ ಹೊತ್ತುಕೊಂಡು ಹೋಗ್ರಿ. ಬಸ್ಸಿಗಿ ಹಾಕಬ್ಯಾಡ್ರಿ.”

ಹೊತ್ತುಕೊಂಡು ಹೋದೆ. ನಿಲ್ದಾಣದಿಂದ ಓಣಿಯ ತನಕ, ನಡು ಬಿಸಿಲಲ್ಲಿ, ತಲೆಯ ಮೇಲೆ ಡಬರಿ. ಅವತ್ತು ಹೆಲ್ಮೆಟ್ಟಿಲ್ಲ ಎಂಬ ಚಿಂತೆ ಬರಲಿಲ್ಲ. ಎದುರುಮನೆಯ ಬಾಗಿಲ ಮುಂದೆ ಅದನ್ನು ಇಳಿಸಿ, ಬೋರಲು ಹಾಕಿ ತಳ ನೋಡಿದೆ. ನೀಲಿ ಬೊಟ್ಟು. ಅಕ್ಕನನ್ನು ಕರೆದೆ. ಅವಳು ಬರುವಷ್ಟರಲ್ಲಿ, ಬಿಸಿಲಿಗೆ ಹಸಿರು ನೀಲಿಯಾಗಿ ಕಂಡಿತೇನೋ ಎಂದು ಇನ್ನೊಮ್ಮೆ ನೋಡಿದೆ.